ಹಾಲು, ಮೇವು ಹೊರುವ ಗಾಡಿಗೆ ಏನು ಜೋಡಿಸಬೇಕು, ಏನು ಬೇಡ

ಹೋದ ಮಳೆಗಾಲದ ಮಾತು. ಮಾಕಳಿಯ ಆಚೆ, ತುಮಕೂರು ರಸ್ತೆಯಿಂದ ಒಳಗೆ ಮಣ್ಣು ದಾರಿಯಲ್ಲಿರುವ ಒಂದು ಮನೆಯಿಂದ ಬೆಳಗ್ಗೆಯೇ ಫೋನ್ ಬಂತು. "ಡಾಕ್ಟ್ರೆ, ಹಸ ಮೂರು ದಿನದಿಂದ ಸರಿಯಾಗಿ ಮೇಯ್ತಿಲ್ಲ. ಹನ್ನೊಂದು ಲೀಟರ್ ಕೊಡ್ತಿದ್ದದ್ದು ನಾಲ್ಕಕ್ಕೆ ಇಳಿದೈತೆ." ಹೋಗಿ ನೋಡಿದೆ. ಎಚ್.ಎಫ್. ಮಿಶ್ರತಳಿ, ಮೂರನೇ ಸೂಲು. ಬೆನ್ನು ಗೂನು ಮಾಡಿಕೊಂಡು, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಂತಿತ್ತು. ಏರಿನಲ್ಲಿ ನಡೆಸಿದರೆ ಸುಮ್ಮನೆ ಹತ್ತುತ್ತಿತ್ತು, ಇಳಿಜಾರಿಗೆ ತಿರುಗಿಸಿದರೆ ನರಳುತ್ತಿತ್ತು. ಮನೆಯವರು ಅಜೀರ್ಣ ಎಂದುಕೊಂಡು ಶುಂಠಿ, ಬೆಲ್ಲ ಕೊಟ್ಟಿದ್ದರು. ನನಗೆ ಅನುಮಾನ ಬೇರೆಯೇ ಇತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿದೆವು. ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆಯಿಂದ ತೆಗೆದದ್ದು ಬೆರಳುದ್ದದ ಒಂದು ತಂತಿ ಚೂರು, ಕಟ್ಟಡದವರು ಕಂಬಿ ಕಟ್ಟಲು ಬಳಸುವ ಬೈಂಡಿಂಗ್ ವೈರ್.

ಮತ್ತೆ ಆ ಮನೆಗೆ ಹೋದಾಗ ಅಂಗಳದಲ್ಲಿ ನಿಂತಿದ್ದ ಟಿವಿಎಸ್ ಎಕ್ಸೆಲ್ ಕಣ್ಣಿಗೆ ಬಿತ್ತು. ಹಿಂದಿನ ಸೀಟು ತೆಗೆದು ಮೇವು ಹೊರಲು ಕಬ್ಬಿಣದ ಚೌಕಟ್ಟು ಕೂರಿಸಿದ್ದರು. ಚೌಕಟ್ಟನ್ನು ಗಾಡಿಗೆ ಬಿಗಿದಿದ್ದದ್ದು ಅದೇ ಬೈಂಡಿಂಗ್ ವೈರಿನಲ್ಲಿ, ಆರೇಳು ಕಡೆ. ಎರಡು ಕಡೆ ತಂತಿ ತುಂಡಾಗಿ ತುದಿಗಳು ಮೇಲೆದ್ದಿದ್ದವು. ದಿನಾ ಎರಡು ಹೊರೆ ಸೀಮೆಹುಲ್ಲು ಅದರ ಮೇಲೆ ಉಜ್ಜಿಕೊಂಡೇ ಮನೆಗೆ ಬರುತ್ತಿತ್ತು. ಹಸುವಿನ ಹೊಟ್ಟೆ ಸೇರಿದ್ದು ಇದೇ ಗಾಡಿಯ ತಂತಿ ಎಂದು ನಾನು ಪ್ರಮಾಣ ಮಾಡಲಾರೆ. ಆ ಅಕ್ಕ ಮಾತ್ರ ಗಾಡಿಯನ್ನೇ ನೋಡುತ್ತಾ ನಿಂತು, "ನಾನೇ ಕಟ್ಟಿದ್ದು ಡಾಕ್ಟ್ರೆ" ಅಂದರು.

ಪಶುವೈದ್ಯರು ಗಾಡಿಯ ಬಗ್ಗೆ ಯಾಕೆ ಬರೆಯುತ್ತಾರೆ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು. ನಮ್ಮ ಭಾಗದಲ್ಲಿ ಡೇರಿಗೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಈ ಗಾಡಿ ಹಸುವಿನ ಜೊತೆಗೇ ಬದುಕುತ್ತದೆ. ಬೆಳಗ್ಗೆ ಹಾಲಿನ ಕ್ಯಾನು, ಆಮೇಲೆ ಮೇವು, ನಡುವೆ ಫೀಡ್ಸ್ ಮೂಟೆ, ಸಂಜೆ ಮತ್ತೆ ಹಾಲು. ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಟಿವಿಎಸ್ 50 ಬಂದಾಗಿನಿಂದ ಹಳ್ಳಿಯ ಹೊರೆ ಇದೇ ಜಾತಿಯ ಗಾಡಿಗಳ ಮೇಲಿದೆ. ವಿದೇಶದ ದೊಡ್ಡ ಡೇರಿಗಳಲ್ಲಿ ಈ ಕೆಲಸಕ್ಕೆ ನಾಲ್ಕು ಚಕ್ರದ ಗಾಡಿ ಇರುತ್ತದೆ. ಇಬ್ಬರು ಅಕ್ಕಪಕ್ಕ ಕೂರಬಹುದು, ಹಿಂದೆ ಸಾಮಾನಿನ ತೊಟ್ಟಿ ಇರುತ್ತದೆ, ಹೊಲ, ಕೆಸರು ಎಲ್ಲಿ ಬೇಕಾದರೂ ನುಗ್ಗುತ್ತದೆ. ನಮ್ಮ ಎರಡು ಹಸುವಿನ ಸಂಸಾರಕ್ಕೆ ಎಕ್ಸೆಲ್ ಸಾಕು. ಆದರೆ ಅದಕ್ಕೆ ಜೋಡಿಸುವ ಒಂದೊಂದು ವಸ್ತುವಿನ ಮುಂದೆಯೂ ನಿಂತು ಮೂರು ವಿಷಯ ಯೋಚಿಸಬೇಕು: ನಿಮ್ಮ ಸೆರಗು, ಕ್ಯಾನಿನ ಹಾಲು, ಕೊಟ್ಟಿಗೆಯ ಹಸು.

ತಂತಿ ಬೇಡ, ಬೋಲ್ಟು ಇರಲಿ

ಹಸು ಮೇವನ್ನು ನಮ್ಮ ಹಾಗೆ ಆರಿಸಿ ಅಗಿಯುವುದಿಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದು ನುಂಗಿಬಿಡುತ್ತದೆ, ಅಗಿಯುವುದೆಲ್ಲ ಆಮೇಲೆ ಮೆಲುಕು ಹಾಕುವಾಗ. ನುಂಗಿದ ತಂತಿ ಭಾರಕ್ಕೆ ಜಾಲಹೊಟ್ಟೆಗೆ ಇಳಿಯುತ್ತದೆ. ಜೇನುಗೂಡಿನಂತೆ ಕಾಣುವ ಆ ಭಾಗಕ್ಕೂ ಹೃದಯಕ್ಕೂ ನಡುವೆ ವಪೆಯೊಂದೇ ಅಡ್ಡ, ಅಂತರ ಕೆಲವೇ ಸೆಂಟಿಮೀಟರ್. ಗಬ್ಬ ತುಂಬಿ ಹೊಟ್ಟೆ ಒತ್ತಿದಾಗ, ಕರು ಹಾಕಲು ತಿಣುಕಿದಾಗ ತಂತಿ ಮುಂದಕ್ಕೆ ಸರಿಯುತ್ತದೆ. ಹೃದಯದ ಚೀಲಕ್ಕೆ ಚುಚ್ಚಿದ ಮೇಲೆ ಎದೆಯ ಮುಂಭಾಗ, ಗಂಟಲ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಆ ಹಂತಕ್ಕೆ ಬಂದ ಹಸುವನ್ನು ಉಳಿಸುವುದು ಬಹಳ ಕಷ್ಟ. ಮೇಲೆ ಹೇಳಿದ ಹಸು ಬದುಕಿದ್ದು ಅದಕ್ಕೆ ಮೊದಲೇ ಫೋನ್ ಮಾಡಿದ್ದರಿಂದ.

ಆದ್ದರಿಂದ ಕ್ಯಾರಿಯರ್ ಚೌಕಟ್ಟನ್ನು ಬೋಲ್ಟು ಹಾಕಿ ಬಿಗಿಸಿ. ಒಳಗೆ ನೈಲಾನ್ ಬಳೆ ಇರುವ ನಟ್ಟು ಅಂಗಡಿಯಲ್ಲಿ ಸಿಗುತ್ತದೆ, ಮಣ್ಣು ದಾರಿಯ ಕುಲುಕಾಟಕ್ಕೆ ಬೇಗ ಸಡಿಲವಾಗುವುದಿಲ್ಲ. ಬೋಲ್ಟಿನ ತುದಿ ಹೊರೆಯ ಕಡೆಗೆ ಇರಬಾರದು. ಹೊರೆ ಕಟ್ಟಲು ನೂಲಿನ ಹಗ್ಗ ಅಥವಾ ಹಳೆ ಟ್ಯೂಬ್ ಕತ್ತರಿಸಿದ ಪಟ್ಟಿ ಒಳ್ಳೆಯದು. ಪ್ಲಾಸ್ಟಿಕ್ ಹಗ್ಗವಾದರೆ ಎಳೆ ಬಿಟ್ಟ ಕೂಡಲೇ ಬದಲಿಸಿ. ಆ ಎಳೆಗಳೂ ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತವೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಕಡೆ ಹೊಲ ಕಡಿಮೆಯಾಗಿ ಲೇಔಟ್ ಹೆಚ್ಚಾಗಿದೆ. ಖಾಲಿ ಸೈಟುಗಳಲ್ಲಿ, ಗೋಡೌನ್ ಕಾಂಪೌಂಡಿನ ಪಕ್ಕದಲ್ಲಿ ಹುಲ್ಲು ಕೊಯ್ಯುವವರು ಬಹಳ. ಅಲ್ಲಿನ ಹುಲ್ಲಿನಲ್ಲಿ ಮೊಳೆ, ತಂತಿ ಇದ್ದೇ ಇರುತ್ತವೆ. ಅದನ್ನು ನೋಡದೆ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಉದ್ದ ತಂತಿ ನಾಲ್ಕು ಚೂಪು ಚೂರಾಗುತ್ತದೆ. ಹೊರೆ ಬಿಚ್ಚಿ ಕೊಡವಿ. ಹಳೆ ಸ್ಪೀಕರಿನ ಮ್ಯಾಗ್ನೆಟ್ ಸಿಕ್ಕರೆ ಯಂತ್ರದಿಂದ ಮೇವು ಬೀಳುವ ಜಾಗದಲ್ಲಿ ಗಟ್ಟಿಯಾಗಿ ಕೂರಿಸಿ, ದಿನಾ ಒರೆಸಿ ನೋಡಿ. ಅದಕ್ಕೆ ಅಂಟಿಕೊಂಡದ್ದನ್ನು ಒಮ್ಮೆ ಕಂಡರೆ ಮತ್ತೆ ಯಾರೂ ಹೇಳಬೇಕಾಗಿಲ್ಲ. ಹಸುವಿಗೇ ನುಂಗಿಸುವ ಮ್ಯಾಗ್ನೆಟ್ ಕೂಡ ಇದೆ. ಅದನ್ನು ನಿಮ್ಮ ಮಾರ್ಗದ ಪಶುವೈದ್ಯರನ್ನು ಕೇಳಿಯೇ ಹಾಕಿಸಿ.

ಸೆರಗಿನ ಜಾಲರಿ

ಮೇವಿನ ಚೌಕಟ್ಟು ಕೂರಿಸುವಾಗ ವೆಲ್ಡಿಂಗ್ ಅಂಗಡಿಯವರು ಮೊದಲು ಬಿಚ್ಚಿ ಬಿಸಾಡುವುದು ಸೀರೆ ಗಾರ್ಡನ್ನು. "ಅಡ್ಡ ಬರುತ್ತಕ್ಕ" ಅನ್ನುತ್ತಾರೆ. ಅವರು ಪ್ಯಾಂಟ್ ಹಾಕಿ ಗಾಡಿ ಓಡಿಸುವವರು, ಅವರಿಗೆ ಅದು ಅಡ್ಡವೇ. ಓಡುವ ಚಕ್ರದ ಕಡ್ಡಿಗೆ ಸೆರಗಿನ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ. ಬಟ್ಟೆ ಸುತ್ತಿಕೊಂಡು ಕತ್ತನ್ನೋ ಸೊಂಟವನ್ನೋ ಹಿಂದಕ್ಕೆ ಎಳೆದು ಬೀಳಿಸುತ್ತದೆ. ವೇಲ್ ಆದರೆ ಇನ್ನೂ ಅಪಾಯ, ಅದು ಕತ್ತಿಗೇ ಸುತ್ತಿಕೊಂಡಿರುತ್ತದೆ.

ಇದು ಬರೀ ನನ್ನ ಬುದ್ಧಿಮಾತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಭಾಗಕ್ಕೆ ಬಟ್ಟೆ ಸಿಕ್ಕಿಕೊಳ್ಳದಂತೆ ರಕ್ಷಣೆ ಇರಲೇಬೇಕು. ನಿಯಮ ಹಿಂದೆ ಕೂರುವವರ ಬಟ್ಟೆಯ ಮಾತಾಡುತ್ತದೆ. ನಮ್ಮ ಹೆಣ್ಣುಮಕ್ಕಳು ಓಡಿಸುವವರೂ ಹೌದು, ಹಾಗಾಗಿ ಒಂದೇ ಬದಿಯ ಗಾರ್ಡ್ ಸಾಲದು. ಚೌಕಟ್ಟು ಮಾಡಿಸುವ ದಿನವೇ ಎರಡೂ ಬದಿಗೆ ಕಂಬಿ ಜಾಲರಿ ಹಾಕಿಸಿ, ಚೈನ್ ಕವರ್ ಇದ್ದ ಹಾಗೇ ಇರಲಿ. ಜಾಲರಿಯ ಕಿಂಡಿ ಎರಡು ಬೆರಳಿಗಿಂತ ದೊಡ್ಡದಿದ್ದರೆ ಸೆರಗು ನುಸುಳುತ್ತದೆ. ಗಾಡಿ ಹತ್ತುವ ಮುಂಚೆ ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ವೇಲ್ ಇದ್ದರೆ ಹಿಂದೆ ಗಂಟು ಹಾಕಿ ಸ್ವೆಟರ್ ಒಳಗೆ ತುರುಕಿ.

ಆಸ್ಟ್ರೇಲಿಯಾದ ರೈತರು ಬಳಸುವ ನಾಲ್ಕು ಚಕ್ರದ ಕ್ವಾಡ್ ಬೈಕುಗಳು ಮಗುಚಿ ಸತ್ತವರು ಹೆಚ್ಚಾದ್ದರಿಂದ, ಅಲ್ಲಿ 2021ರ ಅಕ್ಟೋಬರಿನಿಂದ ಸಾಮಾನ್ಯ ಬಳಕೆಯ ಹೊಸ ಕ್ವಾಡ್ ಬೈಕಿಗೆ ಮಗುಚಿದಾಗ ಸವಾರರನ್ನು ಕಾಪಾಡುವ ಕಂಬಿ ಇಲ್ಲದಿದ್ದರೆ ಮಾರುವಂತಿಲ್ಲ. ನಮಗೆ ಅಂಥ ಕಂಬಿ ಎಂದರೆ ಈ ಜಾಲರಿ.

ಕ್ಯಾನು ಎಲ್ಲಿ, ಹೇಗೆ

ಹಾಲು ನೀರಿಗಿಂತ ಸ್ವಲ್ಪ ತೂಕ. ಇಪ್ಪತ್ತು ಲೀಟರ್ ಹಾಲು ಇಪ್ಪತ್ತೂವರೆ ಕಿಲೋ ದಾಟುತ್ತದೆ, ಕ್ಯಾನಿನ ತೂಕ ಬೇರೆ. ಅದನ್ನು ಒಂದೇ ಬದಿಗೆ ಕೊಕ್ಕೆಗೆ ನೇತು ಹಾಕಿದರೆ ಗಾಡಿ ಆ ಬದಿಗೆ ಎಳೆಯುತ್ತದೆ, ಕೆಸರಿನಲ್ಲಿ ಚಕ್ರ ಜಾರಿದಾಗ ಹಿಡಿತಕ್ಕೆ ಸಿಗುವುದಿಲ್ಲ. ಒಂದು ಕ್ಯಾನು ಇದ್ದರೆ ಕಾಲಿಡುವ ಜಾಗದಲ್ಲಿ ನಡುವೆ ಇಟ್ಟು ಪಟ್ಟಿಯಿಂದ ಬಿಗಿಯಿರಿ. ಎರಡಿದ್ದರೆ ಸರಿಸಮ ತೂಕದಲ್ಲಿ ಎರಡು ಬದಿ. ಆ ಕ್ಯಾನಿನ ಪಕ್ಕದಲ್ಲೇ ಮಗುವನ್ನು ನಿಲ್ಲಿಸಿಕೊಂಡು ಬರುವುದನ್ನು ದಿನಾ ನೋಡುತ್ತೇನೆ. ಬೇಡ.

ಹಾಲಿಗಾಗಿಯೂ ಒಂದು ಲೆಕ್ಕ ಇದೆ. ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ಎಂಟು ಲೀಟರ್ ಹಾಕಿ ಗುಂಡಿ ದಾರಿಯಲ್ಲಿ ತಂದರೆ ಹಾಲು ಕುಲುಕಿ ಕಡೆದ ಹಾಗಾಗುತ್ತದೆ. ಜಿಡ್ಡು ಸಣ್ಣ ಕಾಳಾಗಿ ಮುಚ್ಚಳಕ್ಕೆ, ಕಂಠಕ್ಕೆ ಅಂಟಿಕೊಳ್ಳಬಹುದು. ಆಗ ಡೇರಿಯಲ್ಲಿ ತೆಗೆದ ಸ್ಯಾಂಪಲಿನಲ್ಲಿ ನಿಮ್ಮ ಹಾಲಿನ ನಿಜವಾದ ಫ್ಯಾಟ್ ಕಾಣಿಸುವುದಿಲ್ಲ. 3.5 ಫ್ಯಾಟ್, 8.5 ಎಸ್.ಎನ್.ಎಫ್. ಬರಬೇಕಾದ ಕಡೆ ಒಂದು ಪಾಯಿಂಟ್ ಕಡಿಮೆಯಾದರೂ ದುಡ್ಡು ಯಾರದು? ಹಾಲಿಗೆ ತಕ್ಕ ಅಳತೆಯ ಕ್ಯಾನು ಇಟ್ಟುಕೊಳ್ಳಿ, ಮುಕ್ಕಾಲಿಗಿಂತ ಹೆಚ್ಚು ತುಂಬಿರಲಿ. ಪೆಟ್ರೋಲ್ ಬಾಟಲಿಯನ್ನು ಕ್ಯಾನಿನ ಜೊತೆ ಸಿಕ್ಕಿಸಬೇಡಿ, ಹಾಲು ವಾಸನೆಯನ್ನು ಬೇಗ ಹೀರುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೂ ನಷ್ಟ ಹಾಲಿಗೇ. ಕರೆದ ಹಾಲಿನ ಬಿಸಿಯಲ್ಲಿ ರೋಗಾಣುಗಳು ಅರ್ಧ ಗಂಟೆಗೆ ಎರಡರಷ್ಟಾಗುತ್ತಾ ಹೋಗುತ್ತವೆ.

ಮೇವಿನ ಹೊರೆ ಹ್ಯಾಂಡಲಿಗಿಂತ ಅಗಲ ಬೇಡ, ಹಿಂದಿನ ಕೆಂಪು ದೀಪ ಮುಚ್ಚುವುದಂತೂ ಬೇಡವೇ ಬೇಡ. ನೀವು ಕತ್ತಲಿರುವಾಗಲೇ ಸರ್ವಿಸ್ ರಸ್ತೆಗೆ ಬರುವವರು, ಆ ಹೊತ್ತಿನಲ್ಲಿ ಪೀಣ್ಯದ ಕಡೆಯ ಲಾರಿಗಳೂ ಅಲ್ಲೇ ಇರುತ್ತವೆ. ಹೊಳೆಯುವ ಕೆಂಪು ಸ್ಟಿಕ್ಕರ್ ಪಟ್ಟಿಯನ್ನು ಚೌಕಟ್ಟಿನ ಹಿಂಬದಿಗೂ ಬದಿಗೂ ಅಂಟಿಸಿ. ಗಾಡಿಗೆ ಹಾಕಿಸುವ ಎಲ್ಲದರಲ್ಲಿ ಅತ್ಯಂತ ಅಗ್ಗದ್ದು ಅದು. "ಡೇರಿವರೆಗೆ ತಾನೇ" ಎಂದು ಹೆಲ್ಮೆಟ್, ಲೈಸೆನ್ಸ್ ಬಿಡುವವರಿಗೆ: 50 ಸಿ.ಸಿ. ದಾಟಿದ ಗಾಡಿಗೆ ಹದಿನೆಂಟು ತುಂಬಿರಬೇಕು, ಲೈಸೆನ್ಸ್ ಇರಬೇಕು. ಮಗಳ ಕೈಗೆ ಕೀ ಕೊಡುವ ಮುಂಚೆ ನೆನಪಿರಲಿ.

ವಾರಕ್ಕೊಮ್ಮೆ

ಸರ್ವಿಸ್ ಮೆಕ್ಯಾನಿಕ್ ಮಾಡುತ್ತಾರೆ, ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮನೆಯಲ್ಲೇ ನೋಡುವುದು ಸ್ವಲ್ಪ ಇದೆ. ಹೊರೆ ಹೊರುವ ಗಾಡಿಯ ಹಿಂದಿನ ಟೈರಿಗೆ ಗಾಳಿ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ, ಅಷ್ಟು ಹಾಕಿಸಿ. ತೊಳೆದ ಮೇಲೆ ಚೈನು ಒಣಗಿಸಿ ಎಣ್ಣೆ ಬಿಡಿ. ಹಳ್ಳ ದಾಟಿದ ಮೇಲೆ, ಗಾಡಿ ತೊಳೆದ ಮೇಲೆ ಡ್ರಮ್ ಬ್ರೇಕು ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನಿಧಾನಕ್ಕೆ ಹೋಗುತ್ತಾ ಎರಡು ಮೂರು ಸಲ ಒತ್ತಿ ಒಣಗಿಸಿಕೊಳ್ಳಿ. ರಾಗಿ ಹುಲ್ಲು ಹೊರುವವರ ಗಾಡಿಯಲ್ಲಿ ಹೊಟ್ಟು, ಧೂಳು ಏರ್ ಫಿಲ್ಟರಿಗೆ ಬೇಗ ತುಂಬುತ್ತದೆ.

ಹಳೆ ಗಾಡಿ ಕೊಂಡವರು ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಹಳೆಯ ಟೂ ಸ್ಟ್ರೋಕ್ ಎಕ್ಸೆಲ್‌ಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. 2015ರಲ್ಲಿ ಬಂದ ಎಕ್ಸೆಲ್ 100 ಫೋರ್ ಸ್ಟ್ರೋಕ್ ಗಾಡಿ. ಅದರ ಪೆಟ್ರೋಲಿಗೆ ಏನೂ ಬೆರೆಸಬಾರದು, ಎಂಜಿನ್ ಆಯಿಲ್ ಬೇರೆ ಇರುತ್ತದೆ, ಅದನ್ನು ಕಾಲಕಾಲಕ್ಕೆ ಬದಲಿಸಬೇಕು.

ಬದಲಿಸಿದ ಹಳೆ ಆಯಿಲ್ ಎಲ್ಲಿ ಹೋಗುತ್ತದೆ? ಡಬ್ಬದಲ್ಲಿ ತುಂಬಿ ಕೊಟ್ಟಿಗೆ ಮೂಲೆಗೆ. ಉಣ್ಣೆಗೆ, ಗಾಯಕ್ಕೆ, ಕಜ್ಜಿಗೆ ಎಲ್ಲಕ್ಕೂ ಅದೇ ಮದ್ದು ಎಂದು ಹಚ್ಚುವವರಿದ್ದಾರೆ. ದಯವಿಟ್ಟು ನಿಲ್ಲಿಸಿ. ಚರ್ಮ ಸುಡುತ್ತದೆ, ಹಸು ಅದನ್ನು ನೆಕ್ಕುತ್ತದೆ. ಅದಕ್ಕಿಂತ ಕೆಟ್ಟದ್ದು ಹಳೆ ಬ್ಯಾಟರಿ. ಅದರೊಳಗಿನ ಸೀಸ ದನಕ್ಕೆ ವಿಷ, ಆದರೂ ಕರುಗಳು ಅದನ್ನು ಇಷ್ಟಪಟ್ಟು ನೆಕ್ಕುತ್ತವೆ. ಕಣ್ಣು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುವುದು, ಹಲ್ಲು ಕಡಿಯುವುದು, ನಡುಗಿ ಬೀಳುವುದು, ಹೀಗೆ ಕಂಡರೆ ಹುಚ್ಚುನಾಯಿ ಕಡಿದಿರಬೇಕೆಂದು ಮನೆಯವರು ಹೆದರುತ್ತಾರೆ. ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡಿ, ಆಯಿಲನ್ನು ಮೆಕ್ಯಾನಿಕ್ ಹತ್ತಿರವೇ ಬಿಟ್ಟು ಬನ್ನಿ. ಗಾಡಿಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸಬೇಡಿ, ಗಂಜಲಕ್ಕೆ ಚಕ್ರದ ಕಡ್ಡಿ, ಚೈನು ಎಲ್ಲ ತುಕ್ಕು ಹಿಡಿಯುತ್ತವೆ. ಚೈನು ಒರೆಸಿದ ಬಟ್ಟೆ ಕೆಚ್ಚಲು ಒರೆಸುವ ಬಟ್ಟೆಯ ಹತ್ತಿರವೂ ಸುಳಿಯಬಾರದು.

ಕೊನೆಯದು ಟೈರು. ಕಾಲುಬಾಯಿ ಜ್ವರದ ವೈರಾಣು ಚಪ್ಪಲಿ, ಬಟ್ಟೆ, ಗಾಡಿ ಚಕ್ರದ ಮಣ್ಣಿನಲ್ಲೂ ಊರಿಂದ ಊರಿಗೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸಿಯೇ ಇರುತ್ತೀರಿ. ಅಕ್ಕಪಕ್ಕದ ಊರಲ್ಲಿ ರೋಗ ಕಂಡಾಗ ಇದನ್ನೂ ಮಾಡಿ. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. ಅಡುಗೆ ಸೋಡಾ ಅಲ್ಲ. ಟೈರಿನ ಸಗಣಿ, ಮಣ್ಣು ಮೊದಲು ನೀರಲ್ಲಿ ತೊಳೆದು, ಆಮೇಲೆ ಈ ನೀರಲ್ಲಿ ಟೈರು, ಚಪ್ಪಲಿ ಉಜ್ಜಿ, ಹತ್ತು ನಿಮಿಷ ಬಿಟ್ಟು ನೀರು ಹಾಯಿಸಿ. ಎಂಜಿನ್ ಮೇಲೆ, ಅಲ್ಯೂಮಿನಿಯಂ ಕ್ಯಾನಿನ ಮೇಲೆ ಬೀಳಬಾರದು, ಆ ಲೋಹವನ್ನು ಸೋಡಾ ತಿನ್ನುತ್ತದೆ. ಡೇರಿಯಿಂದ ಬಂದ ಗಾಡಿ ಗೇಟಿನ ಹೊರಗೇ ನಿಲ್ಲಲಿ.

ಮೊದಲು ಹೇಳಿದ ಹಸು ಈಗ ಒಂಬತ್ತು ಲೀಟರಿನಲ್ಲಿದೆ, ಗಬ್ಬ ಕಟ್ಟಿದೆ. ಗಾಡಿಯ ಚೌಕಟ್ಟಿಗೆ ನಾಲ್ಕು ಬೋಲ್ಟು ಬಂದಿವೆ, ಜಾಲರಿ ಒಂದೇ ಬದಿಗೆ ಆಗಿದೆ. ಇನ್ನೊಂದು ಬದಿಗೆ ಮುಂದಿನ ಬಟವಾಡೆ ಬಂದ ಮೇಲೆ ಹಾಕಿಸುತ್ತೇನೆ ಅಂದಿದ್ದಾರೆ.