ಕೋಸಿಗೆ ಕಾವಲು, ರೇಷ್ಮೆಗೆ ಕಂಟಕ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬದುವಿನ ಆಚೆ ಎಲೆಕೋಸು, ಈಚೆ ಹಿಪ್ಪುನೇರಳೆ. ನೋಡೋಕೆ ಚೆಂದ. ಆದರೆ ಕೋಸಿನ ರೈತ ‘ಬಿ.ಟಿ.’ ಪುಡಿ ಕಲಸಿ ಹೊಡೆಯುವಾಗ ಗಾಳಿ ಈಚೆ ತಿರುಗಿ, ಹನಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತೋ, ರೇಷ್ಮೆ ಮನೆಯಲ್ಲಿ ಗೋಳು ಶುರು. ನಾಲ್ಕೂ ಜ್ವರ ದಾಟಿ ಇನ್ನೇನು ಚಂದ್ರಿಕೆ ಹತ್ತಬೇಕಾದ ಹುಳು ಸೊಪ್ಪು ಮುಟ್ಟದೆ, ಮೈ ಸಡಿಲಬಿಟ್ಟು ಸಾಯುತ್ತದೆ. ಮೊಟ್ಟೆ, ಸೊಪ್ಪು, ಕೂಲಿಗೆ ಹಾಕಿದ ದುಡ್ಡು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ.

‘ವಿಷ ಅಲ್ಲ ಕಣ್ರೀ, ಸಾವಯವ’ ಎಂದು ಅಂಗಡಿಯಾತ ಹೇಳಿದ್ದು ಸುಳ್ಳೇನಲ್ಲ. ಪುಡಿಯಲ್ಲಿ ಇರುವುದು ಬ್ಯಾಸಿಲಸ್ ಕುಲದ ಒಂದು ಬ್ಯಾಕ್ಟೀರಿಯಾ ಮತ್ತು ಅದು ತಯಾರಿಸಿದ ಹರಳು. ಹುಳುವಿನ ಹೊಟ್ಟೆಯ ಕ್ಷಾರದಲ್ಲಿ ಆ ಹರಳು ಕರಗಿ ಕರುಳನ್ನೇ ತೂತು ಮಾಡುತ್ತದೆ. ಮನುಷ್ಯನ ಹೊಟ್ಟೆಯಲ್ಲಿರುವುದು ಆಮ್ಲ, ಅಲ್ಲಿ ಇದರ ಆಟ ನಡೆಯದು. ಆದರೆ ಕೋಸು ತಿನ್ನುವ ಹುಳು ಯಾವುದು, ಗೂಡು ಕಟ್ಟುವ ಹುಳು ಯಾವುದು ಅಂತ ಪುಡಿಗೇನು ಗೊತ್ತು? ಹೊಡೆಯುವ ಮುನ್ನ ಪಕ್ಕದ ಹೊಲದವರಿಗೆ ಒಂದು ಮಾತು ಹೇಳಿದರೆ ಗಂಟೇನೂ ಹೋಗುವುದಿಲ್ಲ.

ವಿಚಿತ್ರ ಅಂದರೆ ಇದು ಮೊದಲು ಸಿಕ್ಕಿದ್ದೇ ರೇಷ್ಮೆ ಹುಳುವಿನಲ್ಲಿ. 1901ರಲ್ಲಿ ಜಪಾನಿನ ಇಷಿವಾಟಾ ಇದನ್ನು ಹುಳು ಕೊಲ್ಲುವ ರೋಗಾಣು ಎಂದು ಗುರುತಿಸಿದರು. 1911ರಲ್ಲಿ ಜರ್ಮನಿಯ ಬರ್ಲಿನರ್ ಅವರಿಗೆ ಥುರಿಂಜಿಯಾ ಪ್ರಾಂತ್ಯದ ಹಿಟ್ಟಿನ ಪತಂಗದ ಹುಳುವಿನಲ್ಲಿ ಅದೇ ಸಿಕ್ಕಿತು. ಪ್ರಾಂತ್ಯದ ಹೆಸರನ್ನೇ ಇಟ್ಟರು: ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಅದೇ ಬಿ.ಟಿ.

ಇದರದೇ ಇನ್ನೊಂದು ಬಗೆ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಕೊಳವೊಂದರಲ್ಲಿ ಸಿಕ್ಕಿತು. ಅದು ಸೊಳ್ಳೆ ಮರಿಗೆ ಯಮ, ಮೀನಿಗೆ ತೊಂದರೆಯಿಲ್ಲ. ಹಾರಾಡುವ ಸೊಳ್ಳೆಗೆ ಮಾತ್ರ ಏನೂ ಆಗದು. ಮೋರಿಗೆ ಔಷಧಿ ಹಾಕಿದ ಸಂಜೆಯೇ ಸೊಳ್ಳೆ ಕಚ್ಚಿತೆಂದು ಪುರಸಭೆಯನ್ನು ಬೈಯುವವರು ನಾಲ್ಕು ದಿನ ತಾಳಬೇಕು.

ಪೊಟ್ಟಣದೊಳಗೆ ಒಣಗಿ ಕೂತರೂ ಈ ಜೀವಿ ಸಾಯದೆ ಇರುವುದು ಹೇಗೆ? ಕಷ್ಟ ಬಂದಾಗ ಈ ಕುಲದವೆಲ್ಲ ಗಟ್ಟಿ ಕವಚ ಹೊದ್ದು ಬೀಜಾಣುವಾಗಿ ಮಲಗಿಬಿಡುತ್ತವೆ. ಗುಣ ಅದೇ, ಕೇಡೂ ಅದೇ.

ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ನೋಡಿ. ಅದರ ಬೀಜಾಣು ಕುದಿಯುವ ನೀರಿಗೂ ಜಗ್ಗದು. ರಾತ್ರಿಯಿಡೀ ಹೊರಗೇ ಬಿಟ್ಟ ಅನ್ನದಲ್ಲಿ ಎದ್ದು ಬೆಳೆದು ವಿಷ ಕಕ್ಕುತ್ತದೆ. ಬೆಳಿಗ್ಗೆ ಅದೇ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಆ ವಿಷ ಹೋಗದು. ಬಸ್ ಹತ್ತುವ ಮುಂಚೆ ತಿಂದವರಿಗೆ ಮುಂದಿನ ಊರು ಬರುವಷ್ಟರಲ್ಲಿ ವಾಂತಿ. ಬೈಗುಳ ಮಾತ್ರ ಡ್ರೈವರಿಗೆ.

ಎಲ್ಲಕ್ಕಿಂತ ಘೋರ ಬ್ಯಾಸಿಲಸ್ ಆಂಥ್ರಾಸಿಸ್, ಅಂದರೆ ಕುರಿ ದನಗಳ ನೆರಡಿ ರೋಗ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಇಲ್ಲ. ಮೂಗಿನಲ್ಲಿ, ಗುದದಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ. ನಷ್ಟ ತುಂಬಿಕೊಳ್ಳೋಣ ಎಂದು ಕೊಯ್ದರೋ, ಕೊಯ್ದವನ ಕೈಗೆ ಕರೀ ಹುಣ್ಣು, ತಿಂದವರ ಪ್ರಾಣಕ್ಕೆ ಸಂಚಕಾರ. ಗಾಳಿ ತಾಗಿದ ರಕ್ತದಲ್ಲಿ ಬೀಜಾಣು ಕಟ್ಟಿ ಮಣ್ಣು ಸೇರುತ್ತದೆ.

ಆ ಮಣ್ಣಿನ ಗತಿ ಏನಾಗುತ್ತದೆಂದು ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪ ತೋರಿಸಿದೆ. ಯುದ್ಧಕಾಲದಲ್ಲಿ, 1942ರಲ್ಲಿ, ಬ್ರಿಟಿಷರು ಅಲ್ಲಿ ಕುರಿಗಳ ಮೇಲೆ ಈ ರೋಗಾಣುವಿನ ಬಾಂಬ್ ಪರೀಕ್ಷಿಸಿದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ನೆಲ ತೊಳೆದರು. ಸುರಕ್ಷಿತ ಎಂದು ಸಾರಿದ್ದು 1990ರಲ್ಲಿ.

ಅಷ್ಟು ಖರ್ಚು ನಮ್ಮ ಕೆರೆಯಂಗಳಕ್ಕೆ ಮಾಡುವವರು ಯಾರು? ಹೀಗೆ ಸತ್ತ ಕುರಿಯನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾರಲಂತೂ ಬಾರದು. ಪಶುವೈದ್ಯರಿಗೆ ಹೇಳಿ, ಆರಡಿ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು. ರೋಗ ಬರುವ ಊರುಗಳಲ್ಲಿ ಉಳಿದ ಕುರಿಗಳಿಗೆ ವರ್ಷಕ್ಕೊಮ್ಮೆ ಲಸಿಕೆ.