ರೋಮ್‌ನ ನೇರಳೆ ಶಿಲೆ, ಶ್ರೀರಂಗಪಟ್ಟಣದ ಬಣ್ಣದ ಕಲ್ಲು

ಬೆಂಗಳೂರು: ನಗರ್ತಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಹಳೆಯ ಮನೆಗಳು ಉರುಳಿ ವಾಣಿಜ್ಯ ಮಳಿಗೆಗಳು ತಲೆ ಎತ್ತುವುದು ಹೊಸತಲ್ಲ. ಮನೆ ಕೆಡವುವಾಗ ತೇಗದ ಕಂಬ, ಬಾಗಿಲುಗಳಿಗೆ ಬೆಲೆ ಕಟ್ಟುವವರು ಸಿಗುತ್ತಾರೆ. ಹಾಸುಗಲ್ಲು, ಜಗಲಿ ಕಲ್ಲುಗಳು ಮಾತ್ರ ಎಷ್ಟೋ ಬಾರಿ ಮಣ್ಣಿನೊಡನೆ ಲಾರಿ ಏರುತ್ತವೆ. ಕಲ್ಲು ಬೇಕೆಂದಾಗ ದೊರೆಯುವ ವಸ್ತು ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಅಲಂಕಾರ ಶಿಲೆಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಪ್ರಾಚೀನ ರೋಮ್ ಇದಕ್ಕೆ ಉತ್ತಮ ನಿದರ್ಶನ.

ನೆಲದಲ್ಲೇ ಸಾಮ್ರಾಜ್ಯದ ನಕ್ಷೆ

ರೋಮನ್ನರು ಬಣ್ಣದ ಶಿಲೆಗಳನ್ನು ಮರಳು ಮತ್ತು ನೀರಿನ ಸಹಾಯದಿಂದ ಗರಗಸದಲ್ಲಿ ತೆಳುವಾಗಿ ಕೊಯ್ದು ಗೋಡೆಗಳಿಗೆ ಹೊದಿಸುತ್ತಿದ್ದರು. ವೃತ್ತ, ಚೌಕ, ತ್ರಿಕೋನಗಳಾಗಿ ಕತ್ತರಿಸಿ ನೆಲಕ್ಕೆ ಜೋಡಿಸುತ್ತಿದ್ದರು. ಹಳದಿ ಶಿಲೆ ಇಂದಿನ ಟುನೀಸಿಯದಿಂದ, ಹಸಿರು ಶಿಲೆ ಗ್ರೀಸ್‌ನಿಂದ, ನೇರಳೆ ಗೆರೆಯ ಬಿಳಿ ಅಮೃತಶಿಲೆ ಇಂದಿನ ಟರ್ಕಿಯಿಂದ ಬರುತ್ತಿತ್ತು. ಯಾವ ಯಾವ ದೇಶಗಳು ಚಕ್ರವರ್ತಿಯ ಅಧೀನದಲ್ಲಿವೆ ಎಂಬುದನ್ನು ನೆಲಹಾಸೇ ಸಾರುತ್ತಿತ್ತು.

ಇವೆಲ್ಲಕ್ಕೂ ಮಿಗಿಲಾದುದು ಈಜಿಪ್ಟಿನ ನೇರಳೆಗೆಂಪು ಪಾರ್ಫಿರಿ. ಮರುಭೂಮಿಯ ಬೆಟ್ಟಗಳಲ್ಲಿ ಈ ಶಿಲೆ ಪತ್ತೆಯಾದದ್ದು ಕ್ರಿ.ಶ. 18ರಲ್ಲಿ. ಅಲ್ಲಿಂದ ನೂರಕ್ಕೂ ಹೆಚ್ಚು ಕಿ.ಮೀ. ದೂರದ ನೈಲ್ ನದಿಗೆ ಎಳೆದು ತಂದು, ಹಡಗಿನಲ್ಲಿ ರೋಮ್‌ಗೆ ಸಾಗಿಸಲಾಗುತ್ತಿತ್ತು. ಕ್ರಿ.ಶ. 301ರಲ್ಲಿ ಡಯೋಕ್ಲಿಷಿಯನ್ ಚಕ್ರವರ್ತಿ ಹೊರಡಿಸಿದ ದರಪಟ್ಟಿಯ ಶಿಲೆಗಳಲ್ಲಿ ಗರಿಷ್ಠ ಬೆಲೆ ಪಡೆದವುಗಳಲ್ಲಿ ಇದೂ ಒಂದು.

ಪಾರ್ಫಿರಿ ಎಂದರೇನು?

ಕರಗಿದ ಶಿಲಾರಸ ಭೂಗರ್ಭದಲ್ಲಿ ಮೊದಲು ನಿಧಾನವಾಗಿ ತಣಿದಾಗ ದೊಡ್ಡ ಹರಳುಗಳು ಮೂಡುತ್ತವೆ. ಬಳಿಕ ಅದು ಮೇಲೇರಿ ಬೇಗ ತಣಿದರೆ, ಉಳಿದ ಭಾಗ ನುಣುಪಾದ ಕಲ್ಲಾಗುತ್ತದೆ. ನುಣುಪು ಹಿನ್ನೆಲೆಯಲ್ಲಿ ಹರಳುಗಳು ಚುಕ್ಕೆಗಳಂತೆ ಕಾಣುವ ಇಂತಹ ಶಿಲೆಯೇ ಪಾರ್ಫಿರಿ. ಬಲು ಗಟ್ಟಿಯಾದ್ದರಿಂದ ಕೆತ್ತುವುದು ಕಷ್ಟ. ಆದರೆ ಒಮ್ಮೆ ಪಡೆದ ಹೊಳಪು ಬಹುಕಾಲ ಮಾಸದು.

ನಮ್ಮ ನಾಡಿನಲ್ಲಿ

ಈ ಜಾತಿಯ ಶಿಲೆ ಕರ್ನಾಟಕದಲ್ಲಿಯೂ ಇದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಹಳೆಯ ಬಂಡೆಗಳ ಬಿರುಕುಗಳಲ್ಲಿ ಗೋಡೆಯಂತೆ ನುಗ್ಗಿ ನಿಂತ ಪಾರ್ಫಿರಿಯ ಪಟ್ಟಿಗಳಿವೆ. ಭೂವಿಜ್ಞಾನದಲ್ಲಿ ಇವಕ್ಕೆ ಡೈಕ್ ಎಂದು ಹೆಸರು. 1897ರಿಂದ 1912ರವರೆಗೆ ನಿರ್ಮಾಣಗೊಂಡ ಮೈಸೂರು ಅರಮನೆಯಲ್ಲಿ ಈ ಶಿಲೆಯನ್ನು ಅಲಂಕಾರಕ್ಕೆ ಬಳಸಲಾಗಿದೆ.

ನಗರ್ತಪೇಟೆಗೆ ಎರಡು ಕಿ.ಮೀ. ಆಸುಪಾಸಿನಲ್ಲಿರುವ ವಿಧಾನಸೌಧವೂ ನಾಡಿನ ಶಿಲೆಗಳ ಸಂಗ್ರಹವೇ ಸರಿ. 1951ರಲ್ಲಿ ಶಂಕುಸ್ಥಾಪನೆಗೊಂಡು 1956ರಲ್ಲಿ ಪೂರ್ಣಗೊಂಡ ಈ ಸೌಧಕ್ಕೆ ಮಲ್ಲಸಂದ್ರ, ಹೆಸರಘಟ್ಟದ ಬೂದು ಕಲ್ಲು ಬಂತು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಶಿಲೆ ಹಾಗೂ ತುರುವೇಕೆರೆಯ ಕಪ್ಪು ಶಿಲೆ ಬಂದವು. ರೋಮ್ ಗೆದ್ದ ದೇಶಗಳ ಕಲ್ಲನ್ನು ತರಿಸಿತು. ಇಲ್ಲಿ ನಾಡಿನ ಜನತೆಯ ಸೌಧಕ್ಕೆ ನಾಡಿನದೇ ಕಲ್ಲು ಒದಗಿತು.

ಗಣಿ ನಿಂತ ಮೇಲೆ

ಈಜಿಪ್ಟಿನ ಪಾರ್ಫಿರಿ ಗಣಿಗಾರಿಕೆ 5ನೇ ಶತಮಾನದ ಹೊತ್ತಿಗೆ ನಿಂತುಹೋಯಿತು. ಕಾಲಕ್ರಮೇಣ ಗಣಿ ಇದ್ದ ಜಾಗವೂ ಹೊರಜಗತ್ತಿಗೆ ಮರೆತಿತು. 1823ರಲ್ಲಷ್ಟೇ ಅದನ್ನು ಮತ್ತೆ ಗುರುತಿಸಲಾಯಿತು. ನಡುವಿನ ಶತಮಾನಗಳಲ್ಲಿ ಈ ಶಿಲೆ ಬೇಕಾದವರು ಪಾಳುಬಿದ್ದ ಕಟ್ಟಡಗಳ ಕಂಬಗಳನ್ನೇ ಬಿಲ್ಲೆಗಳಾಗಿ ಕೊಯ್ದು ಬಳಸಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 1268ರಲ್ಲಿ ಹಾಸಿದ ನೆಲದಲ್ಲಿಯೂ ಈ ನೇರಳೆ ಶಿಲೆಯಿದೆ. 2023ರಲ್ಲಿ ದೊರೆ ಮೂರನೇ ಚಾರ್ಲ್ಸ್ ಅವರ ಪಟ್ಟಾಭಿಷೇಕ ನಡೆದದ್ದು ಅದೇ ನೆಲದ ಮೇಲೆ.

ಡೈಕ್‌ಗಳು ಅಗಲ ಕಿರಿದಾದ ಪಟ್ಟಿಗಳು. ಬಣ್ಣ, ಹರಳುಗಳ ವಿನ್ಯಾಸ ಒಂದೊಂದು ಪಟ್ಟಿಯಲ್ಲಿ ಒಂದೊಂದು ಬಗೆ. ಒಂದು ಪಟ್ಟಿ ಬರಿದಾದರೆ ಹಳೆಯ ಕಟ್ಟಡದ ದುರಸ್ತಿಗೆ ಅದೇ ಕಲ್ಲು ಮತ್ತೆ ದೊರೆಯದು. ಆದ್ದರಿಂದ ಹಳೆಯ ಕಟ್ಟಡ ಕೆಡವುವವರು ಕಲ್ಲನ್ನು ಒಡೆಯದೆ ಬಿಡಿಸಿ, ಅದು ಎಲ್ಲಿಯದೆಂದು ತಿಳಿದವರಿಂದ ಗುರುತಿಸಿ ಇಡುವುದು ಒಳಿತು. ಮರಕ್ಕೆ ಸಿಗುವ ಬೆಲೆ ಕಲ್ಲಿಗೂ ಸಲ್ಲಬೇಕು. ಮರವನ್ನಾದರೂ ಮತ್ತೆ ಬೆಳೆಸಬಹುದು.