ಜೂಜಿಗೆ ಹೂಂ, ಕುರ್ಚಿಗೆ ಊಹೂಂ

2008ರ ಫೆಬ್ರುವರಿ 5. ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂದು ಅಧ್ಯಕ್ಷ ಅಭ್ಯರ್ಥಿಯ ಆಯ್ಕೆಗೆ ಮತದಾನ. ಕ್ಯಾಲಿಫೋರ್ನಿಯಾದಲ್ಲಿ ಒಬಾಮಾ ಅವರನ್ನು ಹಿಲರಿ ಕ್ಲಿಂಟನ್ ಹಿಂದೆ ಹಾಕಿದರು ಎಂಬ ಸುದ್ದಿ ಜಗತ್ತಿಗೆಲ್ಲ ಮುಟ್ಟಿತು. ಆದರೆ ಅಲ್ಲಿನ ಮತಪತ್ರ ಅಭ್ಯರ್ಥಿಗಳ ಹೆಸರಿಗೇ ಮುಗಿದಿರಲಿಲ್ಲ. ಕೆಳಗೆ 91ರಿಂದ 97ರವರೆಗಿನ ಏಳು ಪ್ರಸ್ತಾವಗಳಿದ್ದವು. ಒಂದೊಂದಕ್ಕೂ ‘ಹೌದು’ ಇಲ್ಲವೇ ‘ಇಲ್ಲ’ ಎನ್ನಬೇಕು. ಕೊನೆಯ ನಾಲ್ಕು, ನಾಲ್ಕು ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳಲ್ಲಿ ಒಟ್ಟು 17,000 ಹೊಸ ಸ್ಲಾಟ್ ಮೆಷಿನ್‌ಗಳಿಗೆ ಅವಕಾಶ ಕೊಡುವ ಒಪ್ಪಂದಗಳು. 93ನೆಯದು ಶಾಸಕರು ಎಷ್ಟು ವರ್ಷ ಶಾಸನಸಭೆಯಲ್ಲಿ ಇರಬಹುದೆಂಬ ನಿಯಮಕ್ಕೆ ತಿದ್ದುಪಡಿ. ಎಣಿಕೆ ಮುಗಿದಾಗ ಜೂಜಿನ ನಾಲ್ಕೂ ಪ್ರಸ್ತಾವಗಳು ಶೇ 55ರ ಆಸುಪಾಸಿನಲ್ಲಿ ಗೆದ್ದಿದ್ದವು. ಶಾಸಕರ ಪ್ರಸ್ತಾವ ಸೋತಿತ್ತು: ಶೇ 53ಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದಿದ್ದರು.

ದೂರದಿಂದ ನೋಡಿದವರಿಗೆ ಇದು ತಮಾಷೆಯಾಗಿಯೇ ಕಾಣುತ್ತದೆ. ಕ್ಯಾಸಿನೊ ನಡೆಸುವವರಿಗೆ ಹೂಂ ಎಂದ ಜನ, ತಾವೇ ಆರಿಸಿ ಕಳುಹಿಸಿದ ಶಾಸಕರಿಗೆ ಊಹೂಂ ಎಂದರು. ಆದರೆ ಕ್ಯಾಲಿಫೋರ್ನಿಯಾದ ಮತಪತ್ರಗಳ ಚರಿತ್ರೆಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರೆ ಆ ಉತ್ತರಕ್ಕೊಂದು ತರ್ಕ ಸಿಗುತ್ತದೆ. ಅಲ್ಲಿನ ಮತದಾರ ಪ್ರಶ್ನೆಯನ್ನು ಓದುತ್ತಾನೋ ಬಿಡುತ್ತಾನೋ, ಕೇಳುತ್ತಿರುವವರು ಯಾರು ಮತ್ತು ಅವರಿಗೆ ಇದರಿಂದ ಸಿಗುವುದೇನು ಎಂಬುದನ್ನಂತೂ ನೋಡದೆ ಬಿಡುವುದಿಲ್ಲ.

ಜನರೇ ಕಾನೂನು ಮಾಡುವ ಈ ಪದ್ಧತಿ ಅಲ್ಲಿಗೆ ಬಂದದ್ದು 1911ರಲ್ಲಿ. ಆಗ ರಾಜ್ಯದ ರಾಜಕಾರಣ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಜೇಬಿನಲ್ಲಿತ್ತು. ಕಂಪನಿಯ ಹಿಡಿತ ಮುರಿಯುತ್ತೇನೆಂದೇ ಗೆದ್ದು ಬಂದ ಗವರ್ನರ್ ಹೈರಮ್ ಜಾನ್ಸನ್, ಮತದಾರರ ಕೈಗೆ ಮೂರು ಅಸ್ತ್ರ ಕೊಟ್ಟರು: ಸಹಿ ಸಂಗ್ರಹಿಸಿ ಹೊಸ ಕಾನೂನು ತರುವುದು, ಶಾಸನಸಭೆ ಮಾಡಿದ ಕಾನೂನನ್ನು ಜನಮತಕ್ಕೆ ಎಳೆಯುವುದು, ಆರಿಸಿದವರನ್ನು ವಾಪಸ್ ಕರೆಸುವುದು. ಸಿನಿಮಾ ನಟ ಅರ್ನಾಲ್ಡ್ ಶ್ವಾರ್ಜನೆಗರ್ 2003ರಲ್ಲಿ ಗವರ್ನರ್ ಆದದ್ದು ಈ ಮೂರನೆಯದರಿಂದ. ಮೊದಲೆರಡು ಈಗ ದೊಡ್ಡ ಉದ್ಯಮವಾಗಿವೆ. ಲಕ್ಷಗಟ್ಟಲೆ ಸಹಿ ಬೇಕಾದ್ದರಿಂದ ಸಹಿಗೆ ಇಷ್ಟೆಂದು ಹಣ ಪಡೆದು ಮಾಲ್‌ಗಳ ಬಾಗಿಲಲ್ಲಿ ನಿಲ್ಲುವವರೇ ಇದ್ದಾರೆ. ಕಂಪನಿಯ ದುಡ್ಡಿನ ವಿರುದ್ಧ ಕಟ್ಟಿದ ಬಾಗಿಲನ್ನು ದುಡ್ಡಿದ್ದವರಷ್ಟೇ ತೆರೆಯಬಲ್ಲರು ಎಂಬ ಸ್ಥಿತಿ.

ಪ್ರತಿ ಚುನಾವಣೆಗೂ ರಾಜ್ಯ ಸರ್ಕಾರ ಮತದಾರರಿಗೆ ಒಂದು ಕೈಪಿಡಿ ಕಳುಹಿಸುತ್ತದೆ. ಪ್ರಸ್ತಾವದ ಸಾರಾಂಶ, ಬೊಕ್ಕಸಕ್ಕೆ ಬರುವ-ಹೋಗುವ ಲೆಕ್ಕ, ಪರ-ವಿರೋಧದ ವಾದ ಎಲ್ಲವೂ ಅದರಲ್ಲಿರುತ್ತದೆ. ಈಚಿನ ವರ್ಷಗಳಲ್ಲಿ ಅದು ಹಿಂದಿಯಲ್ಲೂ ಸಿಗುತ್ತದೆ. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ನೆಲೆಸಿ ಪೌರತ್ವ ಪಡೆದ ಕನ್ನಡಿಗರು ಮಾತ್ರ ಇಂಗ್ಲಿಷಿನಲ್ಲೇ ಓದಿ ತೀರ್ಮಾನಿಸಬೇಕು. ಓದುವುದೂ ಸಣ್ಣ ಕೆಲಸವಲ್ಲ. 94ರಿಂದ 97ರವರೆಗಿನ ಪ್ರಸ್ತಾವಗಳಲ್ಲಿ ವಿಚಿತ್ರ ತಿರುವಿತ್ತು: ಒಪ್ಪಂದಗಳನ್ನು ಜನಮತಕ್ಕೆ ಎಳೆತಂದವರು ವಿರೋಧಿಗಳು, ಆದರೆ ‘ಹೌದು’ ಎಂದರೆ ಒಪ್ಪಂದ ಉಳಿಯುತ್ತದೆ, ‘ಇಲ್ಲ’ ಎಂದರೆ ಬೀಳುತ್ತದೆ. ಸಹಿ ಹಾಕಿದವನು ತನ್ನ ಸಹಿಯನ್ನು ಗೆಲ್ಲಿಸಲು ‘ಇಲ್ಲ’ ಎನ್ನಬೇಕಿತ್ತು.

ಬುಡಕಟ್ಟುಗಳಿಗೂ ಜೂಜಿಗೂ ನಂಟು ಬೆಳೆದದ್ದು ಹೇಗೆಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಚಿನ್ನದ ಬೇಟೆಯ ಕಾಲದಲ್ಲಿ, 1851–52ರಲ್ಲಿ, ಕ್ಯಾಲಿಫೋರ್ನಿಯಾದ ಬುಡಕಟ್ಟುಗಳೊಂದಿಗೆ ಅಮೆರಿಕ ಸರ್ಕಾರ 18 ಒಪ್ಪಂದ ಮಾಡಿಕೊಂಡಿತು. ನೆಲ ಬಿಟ್ಟುಕೊಡಿ, ಬದಲಿಗೆ ಮೀಸಲು ಪ್ರದೇಶ ಕೊಡುತ್ತೇವೆ ಎಂಬುದು ಮಾತು. ಅಮೆರಿಕದ ಸೆನೆಟ್ ಅವುಗಳಲ್ಲಿ ಒಂದನ್ನೂ ಅನುಮೋದಿಸಲಿಲ್ಲ. ಸಾಲದ್ದಕ್ಕೆ ಕಾಗದಗಳನ್ನು ಗುಟ್ಟಾಗಿ ಇರಿಸಿತು. ಅವು ಹೊರಬಂದದ್ದು 1905ರಲ್ಲಿ. ಆ ಹೊತ್ತಿಗೆ ಜನರ ಕೈಯಲ್ಲಿ ಉಳಿದದ್ದು ತುಂಡು ನೆಲ, ಬಹುಪಾಲು ಬೇರೆ ಯಾರಿಗೂ ಬೇಡವಾದದ್ದು. ಪಾಮ್ ಸ್ಪ್ರಿಂಗ್ಸ್‌ನ ಅಗ್ವಾ ಕಾಲಿಯೆಂಟೆ ಬುಡಕಟ್ಟಿನ ಕಥೆ ಇನ್ನೂ ವಿಚಿತ್ರ. ಅಲ್ಲಿನ ನೆಲವನ್ನು ಮೈಲಿಗೊಂದು ಚೌಕ ಮಾಡಿ, ಒಂದು ಚೌಕ ಬಿಟ್ಟು ಒಂದು ಚೌಕ ರೈಲು ಕಂಪನಿಗೆ, ಉಳಿದವು ಬುಡಕಟ್ಟಿಗೆ ಎಂದು ಹಂಚಿದ್ದರು. ಆ ಕಂಪನಿಯೂ ಇದೇ ಸದರ್ನ್ ಪೆಸಿಫಿಕ್. ಇಂದು ಆ ಐಷಾರಾಮಿ ಊರಿನ ಎಷ್ಟೋ ಹೋಟೆಲು, ಬಂಗಲೆಗಳು ಬುಡಕಟ್ಟಿನ ನೆಲವನ್ನು ಗುತ್ತಿಗೆಗೆ ಪಡೆದು ನಿಂತಿವೆ.

ಅಲ್ಲಿಂದ ಸುಮಾರು ಇಪ್ಪತ್ತು ಮೈಲಿ ದೂರದ ಇಂಡಿಯೊ ಪಟ್ಟಣದ ಬಳಿ ಕಬಜಾನ್ ಬುಡಕಟ್ಟಿನ ಪುಟ್ಟ ನೆಲೆ. 1980ರ ದಶಕದಲ್ಲಿ ಸದಸ್ಯರು 25 ಮಂದಿ. 1980ರಲ್ಲಿ ಇವರು ಇಸ್ಪೀಟು ಕ್ಲಬ್ ತೆರೆದರು, ಪೊಲೀಸರು ದಾಳಿ ಮಾಡಿ ಮುಚ್ಚಿಸಿದರು. ಮೊರಾಂಗೊ ಬುಡಕಟ್ಟೂ ಜೊತೆ ಸೇರಿತು. ಬಿಂಗೊ ಆಟ ನಡೆಸುವ ಹಕ್ಕಿನ ಈ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1987ರಲ್ಲಿ ಕೋರ್ಟು ಬುಡಕಟ್ಟುಗಳ ಪರ ತೀರ್ಪು ಕೊಟ್ಟಿತು. ಕಾರಣ ಸರಳ: ರಾಜ್ಯವೇ ಲಾಟರಿ ಮಾರುತ್ತದೆ, ಕುದುರೆ ರೇಸಿಗೆ ಅನುಮತಿ ಕೊಡುತ್ತದೆ, ಹೀಗಿರುವಾಗ ಬುಡಕಟ್ಟಿನವರ ಬಿಂಗೊ ಮಾತ್ರ ಅಪರಾಧ ಆಗುವುದು ಹೇಗೆ? ಮರುವರ್ಷ ಅಮೆರಿಕ ಸಂಸತ್ತು ಕಾನೂನು ಮಾಡಿ, ಸ್ಲಾಟ್ ಮೆಷಿನ್‌ನಂಥ ದೊಡ್ಡ ಜೂಜಿಗೆ ಬುಡಕಟ್ಟು ಆಯಾ ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕೆಂದು ಷರತ್ತು ಹಾಕಿತು.

ಒಪ್ಪಂದಕ್ಕೆ ಕ್ಯಾಲಿಫೋರ್ನಿಯಾದ ಗವರ್ನರ್ ಪೀಟ್ ವಿಲ್ಸನ್ ಸುಲಭವಾಗಿ ಬಗ್ಗಲಿಲ್ಲ. ಬುಡಕಟ್ಟುಗಳು ನೇರವಾಗಿ ಜನರ ಬಳಿಗೇ ಹೋದವು. 1998ರ ಪ್ರಸ್ತಾವ 5ಕ್ಕೆ ಶೇ 62ರಷ್ಟು ಮತ ಬಿತ್ತು. ಗಿರಾಕಿ ಕೈತಪ್ಪುತ್ತಾರೆಂದು ನೆವಾಡಾದ ಕ್ಯಾಸಿನೊಗಳು ಹಣ ಸುರಿದು ವಿರೋಧಿಸಿದ್ದು ಬುಡಕಟ್ಟುಗಳಿಗೆ ಅನುಕೂಲವೇ ಆಯಿತು ಎನ್ನಬೇಕು. ಎದುರಾಳಿ ಲಾಸ್ ವೇಗಸ್ ಎಂದಾದರೆ ಮತದಾರನಿಗೆ ಹೆಚ್ಚು ಯೋಚನೆ ಬೇಕಿಲ್ಲ. ರಾಜ್ಯದ ಸಂವಿಧಾನ ನೆವಾಡಾ ಮಾದರಿಯ ಕ್ಯಾಸಿನೊಗಳನ್ನು ನಿಷೇಧಿಸಿದೆ ಎಂದು ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟು ಪ್ರಸ್ತಾವ 5ನ್ನು ಹೊಡೆದುಹಾಕಿತು. 2000ದ ಮಾರ್ಚ್‌ನಲ್ಲಿ ಪ್ರಸ್ತಾವ 1ಎ ಸಂವಿಧಾನವನ್ನೇ ತಿದ್ದಿತು. ಪರವಾಗಿ ಬಿದ್ದ ಮತ ಶೇ 64. ಒಂದು ಬುಡಕಟ್ಟಿಗೆ ಹೆಚ್ಚೆಂದರೆ 2,000 ಮೆಷಿನ್. ಕ್ಯಾಸಿನೊ ಇಲ್ಲದ ಅಥವಾ ತೀರಾ ಸಣ್ಣದು ನಡೆಸುವ ಬುಡಕಟ್ಟುಗಳಿಗೆ ಒಂದು ನಿಧಿಯಿಂದ ವರ್ಷಕ್ಕೆ 11 ಲಕ್ಷ ಡಾಲರ್‌ವರೆಗೆ ಪಾಲು.

2008ರ ಹೊತ್ತಿಗೆ ಚಿತ್ರ ಬದಲಾಗಿತ್ತು. ಲಾಸ್ ಏಂಜಲೀಸ್‌ನಿಂದ ಪಾಮ್ ಸ್ಪ್ರಿಂಗ್ಸ್‌ಗೆ ಹೋಗುವ ಹೆದ್ದಾರಿಯ ಪಕ್ಕ, ಗಾಳಿಯಂತ್ರಗಳಿಗೆ ಹೆಸರಾದ ಕಣಿವೆಯಲ್ಲಿ, ಮೊರಾಂಗೊ ಬುಡಕಟ್ಟಿನ 27 ಅಂತಸ್ತಿನ ಹೋಟೆಲು ಎದ್ದು ನಿಂತಿತ್ತು. ಮೊರಾಂಗೊ, ಪೆಚಾಂಗ, ಸಿಕ್ವಾನ್, ಅಗ್ವಾ ಕಾಲಿಯೆಂಟೆ ಎಂಬ ನಾಲ್ಕು ಸಿರಿವಂತ ಬುಡಕಟ್ಟುಗಳೊಂದಿಗೆ ಶ್ವಾರ್ಜನೆಗರ್ ಹೊಸ ಒಪ್ಪಂದ ಮಾಡಿಕೊಂಡಿದ್ದರು. ಮೊದಲೆರಡಕ್ಕೆ 7,500ರವರೆಗೆ ಮೆಷಿನ್, ಉಳಿದೆರಡಕ್ಕೆ 5,000. ಬದಲಿಗೆ ರಾಜ್ಯದ ಬೊಕ್ಕಸಕ್ಕೆ ಹೆಚ್ಚಿನ ಪಾಲು.

ಈ ಬಾರಿ ಎದುರಾಳಿಗಳ ಪಟ್ಟಿ ಕುತೂಹಲದ್ದು. ಬೇ ಮೆಡೋಸ್, ಹಾಲಿವುಡ್ ಪಾರ್ಕ್ ರೇಸ್‌ಕೋರ್ಸ್‌ಗಳ ಮಾಲೀಕರು ಅದರಲ್ಲಿದ್ದರು. ಹೋಟೆಲ್ ನೌಕರರ ಸಂಘ ‘ಯುನೈಟ್ ಹಿಯರ್’ ಇತ್ತು. ಜೊತೆಗೆ ಪಾಲಾ, ಯುನೈಟೆಡ್ ಆಬರ್ನ್ ಎಂಬ ಎರಡು ಬುಡಕಟ್ಟುಗಳು. ಬುಡಕಟ್ಟಿಗೆ ಬುಡಕಟ್ಟೇ ಎದುರು ನಿಂತದ್ದು ಹೊಸ ಬೆಳವಣಿಗೆ. ಸಂಘ ಕಟ್ಟಿಕೊಳ್ಳಲು ನೌಕರರಿಗೆ ಸುಲಭ ದಾರಿಯಿಲ್ಲ ಎಂಬುದು ಕಾರ್ಮಿಕ ನಾಯಕರ ದೂರು. ನಾಲ್ವರು ಸಿರಿವಂತರು ಮಾರುಕಟ್ಟೆ ನುಂಗಿದರೆ ನೂರಕ್ಕೂ ಹೆಚ್ಚು ಬುಡಕಟ್ಟುಗಳಿರುವ ರಾಜ್ಯದಲ್ಲಿ ಬಡವರ ಗತಿಯೇನು ಎಂಬುದು ಇನ್ನೊಂದು ವಾದ. ರೇಸ್‌ಕೋರ್ಸಿನವರಿಗೆ ಬಡವರ ಮೇಲೆ ಹುಟ್ಟಿದ ದಿಢೀರ್ ಕರುಣೆಯನ್ನು ಮಾತ್ರ ಯಾರೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ತಮ್ಮ ಜೂಜಿನಂಗಡಿಗೆ ಎದುರಂಗಡಿ ಬೆಳೆಯುವುದು ಅವರಿಗೆ ಬೇಡವಾಗಿತ್ತು. ಎರಡೂ ಕಡೆಯಿಂದ ಸೇರಿ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಕರಗಿತು. ‘ಹೌದು’ ಪಕ್ಷದ ಜಾಹೀರಾತುಗಳು ರಾಜ್ಯಕ್ಕೆ ಬರುವ ಆದಾಯವನ್ನು ಶತಕೋಟಿ ಡಾಲರ್‌ಗಳಲ್ಲಿ ಹೇಳಿದವು. ಅದೇ ಒಪ್ಪಂದಗಳ ಬಗ್ಗೆ ಕೈಪಿಡಿಯಲ್ಲಿ ಸರ್ಕಾರಿ ವಿಶ್ಲೇಷಕರು ಬರೆದದ್ದು, ಒಂದೊಂದರಿಂದ ವರ್ಷಕ್ಕೆ ಬಹುಶಃ ಕೆಲವು ಕೋಟಿ ಡಾಲರ್ ಎಂದು.

ಮತದಾರರು ನಂಬಿದ್ದು ಗವರ್ನರ್ ಮತ್ತು ಬುಡಕಟ್ಟುಗಳ ಮಾತನ್ನು. ಬಜೆಟ್ಟಿಗೆ ತೂತು ಬಿದ್ದಿದ್ದ ವರ್ಷ ತೆರಿಗೆ ಏರಿಸದೆ ಬರುವ ಹಣ ಯಾರಿಗೆ ಬೇಡ? ಆದರೆ ಆ ನಂಬಿಕೆ ಪೂರ್ತಿ ಫಲಿಸಲಿಲ್ಲ. ಅದೇ ವರ್ಷ ಆರ್ಥಿಕ ಕುಸಿತ ಬಂತು, ಜೂಜಾಡುವವರ ಕೈಯೂ ಬಿಗಿಯಾಯಿತು. ಪೆಚಾಂಗವಾಗಲಿ ಮೊರಾಂಗೊ ಆಗಲಿ 7,500ರ ಮಿತಿಯ ಹತ್ತಿರಕ್ಕೂ ಹೋಗಲಿಲ್ಲ.

ಇನ್ನು ಕುರ್ಚಿಯ ಕಥೆ. 1980ರಿಂದ 1995ರವರೆಗೆ ಕ್ಯಾಲಿಫೋರ್ನಿಯಾ ಶಾಸನಸಭೆಯ ಕೆಳಮನೆ ಅಸೆಂಬ್ಲಿಯ ಸ್ಪೀಕರ್ ಆಗಿದ್ದವರು ವಿಲ್ಲಿ ಬ್ರೌನ್. ಬೆಲೆಬಾಳುವ ಸೂಟು, ಹರಿತ ನಾಲಗೆ, ಎಲ್ಲರ ಗುಟ್ಟೂ ಗೊತ್ತಿರುವ ತಲೆ. ಅವರನ್ನು ಚುನಾವಣೆಯಲ್ಲಿ ಸೋಲಿಸಲಾಗದ ವಿರೋಧಿಗಳು ಕ್ಯಾಲೆಂಡರಿನಿಂದ ಸೋಲಿಸಲು ಹೊರಟರು. 1990ರ ಪ್ರಸ್ತಾವ 140ರ ಪ್ರಕಾರ ಒಬ್ಬ ವ್ಯಕ್ತಿ ಜೀವಮಾನದಲ್ಲಿ ಅಸೆಂಬ್ಲಿಯಲ್ಲಿ ಆರು ವರ್ಷ, ರಾಜ್ಯದ ಮೇಲ್ಮನೆ ಸೆನೆಟ್‌ನಲ್ಲಿ ಎಂಟು ವರ್ಷ ಮಾತ್ರ ಇರಬಹುದು. ಶೇ 52ರಷ್ಟು ಮತದಿಂದ ಅದು ಗೆದ್ದಿತು. ಬ್ರೌನ್ ಅಸೆಂಬ್ಲಿ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಆದರು, ಅವರಿಗೇನೂ ನಷ್ಟವಾಗಲಿಲ್ಲ.

ಅಸೆಂಬ್ಲಿಗೆ ಆದ ನಷ್ಟವೇ ಬೇರೆ. ಮೊದಲ ಎರಡು ವರ್ಷ ಕಟ್ಟಡದ ದಾರಿ ಕಲಿಯುವುದಕ್ಕೆ, ಕೊನೆಯ ಎರಡು ವರ್ಷ ಮುಂದಿನ ಹುದ್ದೆ ಹುಡುಕುವುದಕ್ಕೆ. ನಡುವೆ ಉಳಿದದ್ದರಲ್ಲಿ ನೀರು, ಜೈಲು, ಶಾಲೆ, ಬಜೆಟ್. ಸ್ಪೀಕರ್‌ಗಳು ಒಬ್ಬರ ಹಿಂದೊಬ್ಬರು ಬಂದು ಹೋದರು. ಕಡತದ ನೆನಪು ಉಳಿದದ್ದು ಅಧಿಕಾರಿಗಳ ಬಳಿ ಮತ್ತು ಎಂದೂ ನಿವೃತ್ತರಾಗದ ಲಾಬಿದಾರರ ಬಳಿ. ಹೊಸ ಮುಖಗಳು ಬಂದವು, ಮಹಿಳೆಯರಿಗೂ ಲ್ಯಾಟಿನೊಗಳಿಗೂ ದಾರಿ ಬಿಟ್ಟುಕೊಡಬೇಕಾಯಿತು ಎಂದು ಮಿತಿಯ ಪರವಾದವರು ಹೇಳುತ್ತಾರೆ, ಅದರಲ್ಲೂ ಸತ್ಯವಿದೆ.

2008ರ ಪ್ರಸ್ತಾವ 93 ಈ ರೋಗಕ್ಕೆ ಕೊಡಲು ಹೊರಟ ಮದ್ದು ಕೆಟ್ಟದ್ದಲ್ಲ. ಒಟ್ಟು 14 ವರ್ಷವನ್ನು 12ಕ್ಕೆ ಇಳಿಸಿ, ಆ 12 ವರ್ಷವನ್ನು ಒಂದೇ ಮನೆಯಲ್ಲಿ ಕಳೆಯಲು ಅವಕಾಶ. ಆದರೆ ಬಾಲದಲ್ಲೊಂದು ಕೊಕ್ಕೆ ಇತ್ತು: ಹಾಲಿ ಶಾಸಕರು ಇನ್ನೊಂದು ಮನೆಯಲ್ಲಿ ಎಷ್ಟು ವರ್ಷ ಕಳೆದಿದ್ದರೂ, ಈಗಿರುವ ಮನೆಯಲ್ಲಿ 12 ವರ್ಷ ತುಂಬಿಸಬಹುದು. ಅಂದರೆ ಅಸೆಂಬ್ಲಿಯಲ್ಲಿ ಆರು ವರ್ಷ ಮುಗಿಸಿ ಸೆನೆಟ್‌ಗೆ ಬಂದವರು ಒಟ್ಟು 18 ವರ್ಷ ಇರಬಹುದು. ಅವಧಿ ಮುಗಿಯುತ್ತಿದ್ದ ಸ್ಪೀಕರ್ ಫೇಬಿಯನ್ ನೂನ್ಯೆಸ್, ಸೆನೆಟ್ ನಾಯಕ ಡಾನ್ ಪೆರಾಟ ಇಬ್ಬರಿಗೂ ಇದರಿಂದ ಹೊಸ ಜೀವ. ಇನ್ನೂ ಒಂದು ವಿಷಯ ಜನರ ಕಣ್ಣಿಗೆ ಬಿತ್ತು. ಅಧ್ಯಕ್ಷ ಅಭ್ಯರ್ಥಿಯ ಮತದಾನವನ್ನು ಶಾಸಕರೇ ಜೂನ್‌ನಿಂದ ಫೆಬ್ರುವರಿಗೆ ತಂದಿದ್ದರು, ತಮ್ಮ ಸ್ವಂತ ಸ್ಪರ್ಧೆಯನ್ನು ಜೂನ್‌ನಲ್ಲೇ ಬಿಟ್ಟಿದ್ದರು. ಫೆಬ್ರುವರಿಯಲ್ಲಿ ನಿಯಮ ಬದಲಾದರೆ ನಾಮಪತ್ರ ಹಾಕಲು ಸರಿಯಾಗಿ ಸಮಯ ಸಿಗುತ್ತಿತ್ತು. ರಾಜ್ಯದ ವಿಮಾ ಆಯುಕ್ತ ಸ್ಟೀವ್ ಪಾಯ್ಜ್ನರ್ ಸ್ವಂತ ಹಣ ಹಾಕಿ ವಿರೋಧದ ಮುಂದಾಳತ್ವ ವಹಿಸಿದರು. ಬಿಗಿ ಮಾಡುತ್ತೇವೆ ಎಂದು ಹೇಳಿ ಸಡಿಲ ಮಾಡಿಕೊಳ್ಳುತ್ತಿದ್ದಾರೆ ಎಂಬ ಒಂದೇ ಮಾತು ಸಾಕಾಯಿತು. ಸೋಲಿನ ನಂತರ ಕೆಲವೇ ತಿಂಗಳಲ್ಲಿ ಸ್ಪೀಕರ್ ಸ್ಥಾನ ಕರೆನ್ ಬ್ಯಾಸ್ ಅವರಿಗೆ ಹೋಯಿತು. ಅಮೆರಿಕದ ಯಾವುದೇ ರಾಜ್ಯದಲ್ಲಿ ಆ ಸ್ಥಾನಕ್ಕೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು.

ಜನ ಆ ದಿನ ತಿರಸ್ಕರಿಸಿದ್ದು ಯಾವುದನ್ನು ಎಂಬುದಕ್ಕೆ ನಾಲ್ಕೇ ವರ್ಷದಲ್ಲಿ ಸಾಕ್ಷಿ ಸಿಕ್ಕಿತು. 2012ರ ಜೂನ್‌ನಲ್ಲಿ ಬಂದ ಪ್ರಸ್ತಾವ 28ರಲ್ಲಿ ಅದೇ 12 ವರ್ಷ, ಅದೇ ‘ಒಂದೇ ಮನೆ’. ವ್ಯತ್ಯಾಸ ಒಂದೇ: ಹೊಸ ನಿಯಮ ಇನ್ನು ಮುಂದೆ ಮೊದಲ ಬಾರಿ ಆರಿಸಿ ಬರುವವರಿಗೆ ಮಾತ್ರ, ಹಾಲಿಗಳಿಗೆ ಅಲ್ಲ. ಶೇ 61ರಷ್ಟು ಮತದಿಂದ ಗೆದ್ದಿತು. ಆ ವರ್ಷ ಆಯ್ಕೆಯಾದ ಆಂಥನಿ ರೆಂಡನ್ ಮುಂದೆ ಏಳು ವರ್ಷಕ್ಕೂ ಹೆಚ್ಚು ಕಾಲ ಸ್ಪೀಕರ್ ಆಗಿದ್ದರು. ವಿಲ್ಲಿ ಬ್ರೌನ್ ನಂತರ ಅಷ್ಟು ದೀರ್ಘಕಾಲ ಆ ಸ್ಥಾನದಲ್ಲಿ ಉಳಿದವರಿಲ್ಲ.

ಜೂಜಿನ ವಿಷಯದಲ್ಲಿ ಇಂಥದೇ ಪರೀಕ್ಷೆ ನಡೆದದ್ದು 2022ರಲ್ಲಿ. ಪ್ರಸ್ತಾವ 26 ಬುಡಕಟ್ಟುಗಳದು: ಕ್ಯಾಸಿನೊ ಮತ್ತು ಕೆಲವು ರೇಸ್‌ಕೋರ್ಸ್‌ಗಳಲ್ಲಿ ಕ್ರೀಡಾ ಬೆಟ್ಟಿಂಗ್. ಪ್ರಸ್ತಾವ 27 ಡ್ರಾಫ್ಟ್‌ಕಿಂಗ್ಸ್, ಫ್ಯಾನ್‌ಡ್ಯುಯೆಲ್‌ನಂಥ ಕಂಪನಿಗಳದು: ಮೊಬೈಲಿನಲ್ಲೇ ಬೆಟ್ಟಿಂಗ್. ಕಂಪನಿಗಳ ಜಾಹೀರಾತು ನೋಡಿದರೆ ಅದು ಮನೆಯಿಲ್ಲದವರಿಗೆ ಮನೆ ಕೊಡುವ ಯೋಜನೆ ಎನ್ನಿಸುತ್ತಿತ್ತು, ಬೆಟ್ಟಿಂಗ್ ಎಂಬುದು ಅದರಲ್ಲಿ ಹುಡುಕಬೇಕಾದ ಪದ. ಎರಡೂ ಕಡೆ ಸೇರಿ 45 ಕೋಟಿ ಡಾಲರ್‌ಗೂ ಮಿಕ್ಕಿ ಖರ್ಚಾಯಿತು. ಅಮೆರಿಕದ ಯಾವ ಜನಮತಕ್ಕೂ ಅಲ್ಲಿಯವರೆಗೆ ಅಷ್ಟು ಹಣ ಸುರಿದಿರಲಿಲ್ಲ. ಉತ್ತರ ಎರಡಕ್ಕೂ ‘ಇಲ್ಲ’. ಆದರೆ ಅದರಲ್ಲೂ ತಾರತಮ್ಯವಿತ್ತು. ಬುಡಕಟ್ಟುಗಳಿಗೆ ಶೇ 33ರಷ್ಟು ಮಂದಿ ‘ಹೌದು’ ಎಂದರು, ಕಂಪನಿಗಳಿಗೆ ಶೇ 18 ಕೂಡ ದಾಟಲಿಲ್ಲ.

ಸೋತ ಬೆಟ್ಟಿಂಗ್ ಸುಮ್ಮನಿಲ್ಲ. ‘ಕಾಲ್ಶಿ’ಯಂಥ ಕಂಪನಿಗಳು ಇಂದಿನ ಪಂದ್ಯ ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಮೊಬೈಲಿನಲ್ಲೇ ಹಣ ಹೂಡಲು ಬಿಡುತ್ತಿವೆ. ಇದು ಜೂಜಲ್ಲ, ಷೇರುಪೇಟೆಯಂಥ ಹಣಕಾಸು ವಹಿವಾಟು, ನಮ್ಮನ್ನು ನಿಯಂತ್ರಿಸುವುದು ಕೇಂದ್ರದ ಸಂಸ್ಥೆ, ರಾಜ್ಯದ ಜೂಜು ಕಾನೂನು ನಮಗೆ ತಾಗದು ಎಂಬುದು ಅವುಗಳ ವಾದ. 2025ರ ಜುಲೈನಲ್ಲಿ ಬ್ಲೂ ಲೇಕ್, ಚಿಕನ್ ರಾಂಚ್, ಪಿಕಯೂನ್ ಎಂಬ ಕ್ಯಾಲಿಫೋರ್ನಿಯಾದ ಮೂರು ಬುಡಕಟ್ಟುಗಳು ಕಾಲ್ಶಿ ಮತ್ತು ಹೂಡಿಕೆ ಆ್ಯಪ್ ರಾಬಿನ್‌ಹುಡ್ ವಿರುದ್ಧ ಫೆಡರಲ್ ಕೋರ್ಟಿಗೆ ಹೋದವು. ತಮ್ಮ ಮೀಸಲು ನೆಲದೊಳಗೆ ಕುಳಿತವನ ಮೊಬೈಲಿನಲ್ಲೂ ಈ ಆಟ ನಡೆಯುತ್ತಿದೆ, 1988ರ ಕಾನೂನಿನ ಪ್ರಕಾರ ಅಲ್ಲಿ ಜೂಜು ನಡೆಸುವ ಹಕ್ಕು ತಮ್ಮದು ಎಂದು ಅವುಗಳ ದೂರು.